ಆಪರೇಷನ್ ಆದವರಿಗೆ ಒಬ್ಬರು ಜೊತೆ ಬೇಕು

ಆಕಾಶವಾಣಿ ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯಲ್ಲಿ ಆಹಾರ ಸಲಹೆ ಕೊಡುವ ಕೆಲಸ ಮಾಡುತ್ತೇನೆ. ತೂಕ ಇಳಿಸುವ ಆಪರೇಷನ್ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ಚಾಕು, ಹೊಲಿಗೆ, ಖರ್ಚು, ಇದನ್ನೆಲ್ಲ ಡಾಕ್ಟರು ಬಂದಾಗ ಕೇಳಿ. ನನ್ನ ಹತ್ತಿರ ಇರುವುದು ಒಂದೇ ಮಾತು. ಆಪರೇಷನ್ ಮಾಡಿಸಿಕೊಂಡು ಊರಿಗೆ ವಾಪಸ್ ಬಂದವರಿಗೆ, ಅದೇ ಆಪರೇಷನ್ ಆಗಿರುವ ಇನ್ನೊಬ್ಬರು ಜೊತೆ ಬೇಕು. ಹತ್ತು ಜನ ಬೇಡ. ಒಬ್ಬರು ಸಾಕು. ಆದರೆ ಆ ಒಬ್ಬರು ಬೇಕೇ ಬೇಕು.

ಇನ್ನೂ ಎಷ್ಟೋ ಜನ ಇದನ್ನು ಕೊಬ್ಬು ತೆಗೆಯುವ ಆಪರೇಷನ್ ಅಂದುಕೊಂಡಿದ್ದಾರೆ. ಕೊಬ್ಬು ಹೀರಿ ತೆಗೆಯುವುದು ಬೇರೆ. ಇದರಲ್ಲಿ ಜಠರವನ್ನೇ ಚಿಕ್ಕದು ಮಾಡುತ್ತಾರೆ. ಸ್ಲೀವ್ ಅನ್ನುವುದರಲ್ಲಿ ಜಠರದ ಶೇಕಡಾ 75ರಿಂದ 80 ಭಾಗ ತೆಗೆದು, ಬಾಳೆಹಣ್ಣಿನ ಆಕಾರದ ಒಂದು ಕೊಳವೆ ಉಳಿಸುತ್ತಾರೆ. ಬೈಪಾಸ್ ಅನ್ನುವುದರಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿ ಹಿಡಿಯುವ ಸಣ್ಣ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. 30 ಮಿಲಿ ಅಂದರೆ ಎರಡು ದೊಡ್ಡ ಚಮಚ, ಅಷ್ಟೇ. ಹೊಸ ಪ್ರಯೋಗ ಅಂತ ಹೆದರಬೇಡಿ, ಅಮೆರಿಕದಲ್ಲಿ ಎಡ್ವರ್ಡ್ ಮೇಸನ್ ಅನ್ನುವ ಸರ್ಜನ್ 1966ರಲ್ಲೇ ಬೈಪಾಸ್ ಶುರು ಮಾಡಿದ್ದರು. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಜಾಸ್ತಿ ಬರುವುದು ಜಠರದ ಮೇಲಿನ ಭಾಗದಿಂದ. ಸ್ಲೀವ್‌ನಲ್ಲಿ ಕತ್ತರಿಸುವುದು ಅದನ್ನೇ. ಹಾಗಾಗಿ ಮೊದಮೊದಲು ಹಸಿವೇ ಆಗುವುದಿಲ್ಲ. ಎಲ್ಲರೂ ಖುಷಿಯಾಗಿರುತ್ತಾರೆ. ಕಷ್ಟ ಶುರುವಾಗುವುದು ಮನೆಗೆ ಬಂದ ಮೇಲೆ.

ನಮ್ಮ ಕಡೆಯವರು ಈ ಆಪರೇಷನ್‌ಗೆ ಹೆಚ್ಚಾಗಿ ಹೋಗುವುದು ಬೆಂಗಳೂರಿಗೆ, ರಾಯಚೂರಿನವರು ಹೈದರಾಬಾದಿಗೆ. ಅಲ್ಲಿ ಕೆಲವು ದಿನ ಇದ್ದು, ಕೈಯಲ್ಲಿ ಒಂದು ಡಯಟ್ ಚಾರ್ಟ್ ಹಿಡಿದುಕೊಂಡು ರೈಲು ಹತ್ತುತ್ತಾರೆ. ಬಳ್ಳಾರಿಯಿಂದ ಬೆಂಗಳೂರು ಹತ್ತಿರ ಹತ್ತಿರ 300 ಕಿಲೋಮೀಟರ್. ರಾತ್ರಿ ಎರಡು ತುತ್ತು ಮೆತ್ತಗಿನ ಅನ್ನ ಉಂಡು ಅದು ಎದೆಯಲ್ಲೇ ನಿಂತ ಹಾಗಾದರೆ ಯಾರನ್ನು ಕೇಳುವುದು? ಚಾರ್ಟಿನಲ್ಲಿ ಎಲ್ಲ ಬರೆದಿರುತ್ತದೆ. ಮೊದಲ ಎರಡು ವಾರ ಬರೀ ನೀರಾಗಿರುವ ಆಹಾರ, ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನದು, ದಿನಕ್ಕೆ ಕಡಿಮೆ ಅಂದರೂ 60 ಗ್ರಾಂ ಪ್ರೋಟೀನ್. ಚಾರ್ಟ್ ಸರಿಯಾಗಿಯೇ ಇರುತ್ತದೆ, ನಾನೂ ಅಂಥದನ್ನೇ ಬರೆದುಕೊಡುವವಳು. ಆದರೆ ಅತ್ತೆಯವರು ಒಲೆ ಮುಂದೆ ಕುಳಿತು ರೊಟ್ಟಿ ತಟ್ಟುತ್ತಾ, "ಇಷ್ಟ ತಿಂದ್ರೆ ಜೀವ ಹೆಂಗ್ ಹಿಡೀತೈತಿ, ಇನ್ನೊಂದು ತಿನ್ನವ್ವಾ" ಅಂದಾಗ ಏನು ಹೇಳಬೇಕು ಅನ್ನುವುದು ಯಾವ ಚಾರ್ಟಿನಲ್ಲೂ ಇಲ್ಲ. ಅದನ್ನು ಹೇಳಿಕೊಡಬೇಕಾದವರು ಅಂಥ ಅತ್ತೆಯ ಮುಂದೆ ಉಂಡು ಬಂದವರು.

ಒಬ್ಬರ ವಿಷಯ ಹೇಳುತ್ತೇನೆ. ಹೆಸರು ಬೇಡ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರು. ಬಳ್ಳಾರಿ ಜೀನ್ಸ್ ಅಂದರೆ ಗೊತ್ತಲ್ವಾ, ಮನೆ ಮನೆಯಲ್ಲಿ ಮಷಿನ್ ಓಡುವ ಊರು ನಮ್ಮದು. ದಿನವಿಡೀ ಕೂತ ಕೆಲಸ, ತೂಕ 140 ಕಿಲೋ ದಾಟಿತ್ತು, ಸಕ್ಕರೆ ಕಾಯಿಲೆ ಬೇರೆ. ಸ್ಲೀವ್ ಮಾಡಿಸಿಕೊಂಡು ಬಂದರು. ಮೊದಲೆರಡು ವಾರ ತೂಕ ಸರಸರ ಇಳಿಯಿತು. ಮೂರನೇ ವಾರ ನಿಂತುಬಿಟ್ಟಿತು. ಇದು ಬಹಳ ಜನರಿಗೆ ಆಗುತ್ತದೆ. ಮೊದಲು ಹೋಗುವುದರಲ್ಲಿ ನೀರಿನ ತೂಕವೇ ಜಾಸ್ತಿ, ಆಮೇಲೆ ದೇಹ ಸ್ವಲ್ಪ ನೀರು ಮತ್ತೆ ಹಿಡಿದುಕೊಳ್ಳುತ್ತದೆ. ಒಳಗೆ ಕೊಬ್ಬು ಕರಗುತ್ತಲೇ ಇದ್ದರೂ ಕಾಟಾ ಮಾತ್ರ ಅಲ್ಲಾಡುವುದಿಲ್ಲ. ಇದನ್ನೆಲ್ಲ ನಾನು ಹಾಳೆ ಮೇಲೆ ಬರೆದು ವಿವರಿಸಿದೆ. ಹೂಂ ಮೇಡಂ, ಹೂಂ ಮೇಡಂ ಅಂದರು. ಒಂದು ಮಾತೂ ನಂಬಲಿಲ್ಲ, ಮುಖದಲ್ಲೇ ಗೊತ್ತಾಯಿತು. ಮನೆಯಲ್ಲಿ ತೂಕದ ಮಷಿನ್ ತಂದಿಟ್ಟುಕೊಂಡಿದ್ದರು. ಎದ್ದ ಕೂಡಲೇ ಒಮ್ಮೆ ಹತ್ತುವುದು, ಸಂಡಾಸಕ್ಕೆ ಹೋಗಿ ಬಂದು ಒಮ್ಮೆ, ಮಲಗುವ ಮುಂಚೆ ಒಮ್ಮೆ. ಅವರ ಅಣ್ಣ ಪಕ್ಕದಲ್ಲೇ ನಿಂತು, ಅಷ್ಟೊಂದು ರೊಕ್ಕ ಸುರಿದು ಬಂದಿ, ಏನಾತು ಅಂತ ಕೇಳುವುದು. ಊಟ ಬಿಟ್ಟರು. ಪ್ರೋಟೀನ್ ಪುಡಿಯನ್ನೂ ಬಿಟ್ಟರು.

ಆಗ ನಾನು ಒಬ್ಬ ಅಕ್ಕನಿಗೆ ಫೋನ್ ಮಾಡಿದೆ. ಅವರು ಖಾನಾವಳಿ ನಡೆಸುತ್ತಾರೆ. ಎರಡು ವರ್ಷ ಮುಂಚೆ ಬೈಪಾಸ್ ಆಗಿತ್ತು. ದಿನಾ ನೂರಾರು ಜನರಿಗೆ ಬಡಿಸುತ್ತಾ ತಾನು ಒಂದು ಬಟ್ಟಲು ಉಣ್ಣುವವರು. ಅವರ ಒಪ್ಪಿಗೆ ಕೇಳಿ ಇವರಿಗೆ ನಂಬರ್ ಕೊಟ್ಟೆ. ಇವರು ಫೋನ್ ಮಾಡಿ ತಮ್ಮ ತೂಕದ ಪುರಾಣ ಶುರು ಮಾಡಿದರೆ, ಆ ಕಡೆಯಿಂದ ಅಕ್ಕ ಅಂದರಂತೆ, "ತಮ್ಮಾ, ಕಾಟಾ ಬಿಡು. ಬೆಲ್ಟು ಎಷ್ಟನೇ ತೂತಿಗೆ ಬಂತು, ಅದನ್ನ ಹೇಳು." ನೋಡಿಕೊಂಡರೆ ಎರಡು ತೂತು ಒಳಗೆ ಬಂದಿದೆ! "ಜೀನ್ಸ್ ಹೊಲಿಯೋನು ನೀನು, ಟೇಪು ಕೊಳ್ಳಾಗೇ ಐತಿ. ವಾರಕ್ಕೊಮ್ಮೆ ಸೊಂಟ ಅಳದು ನನಗ ಇಂಚು ಹೇಳು. ಕಿಲೋ ಹೇಳಿದಿ ಅಂದ್ರ ಫೋನ್ ಇಟ್ಟುಬಿಡ್ತೀನಿ."

ನಾನು ಹೇಳಿದ್ದೂ ಅದನ್ನೇ ಅಲ್ವಾ? ನನ್ನ ಹತ್ತಿರ ಡಿಗ್ರಿ ಇದೆ, ಆ ಅಕ್ಕನ ಹತ್ತಿರ ಹೊಟ್ಟೆ ಮೇಲೆ ಹೊಲಿಗೆ ಗುರುತು ಇದೆ. ಅವರ ಮಾತು ನಾಟಿತು. ನನಗೆ ಬೇಜಾರಿಲ್ಲ, ನಾಟಿತಲ್ಲ.

ಆ ಮೇಲೆ ಅಕ್ಕ ಅವರಿಗೆ ಕಲಿಸಿದ್ದು ಒಂದೆರಡಲ್ಲ. ಊಟದ ಜೊತೆ ನೀರು ಕುಡಿಯಬಾರದು, ಊಟಕ್ಕೆ ಅರ್ಧ ಗಂಟೆ ಮುಂಚೆ, ಅರ್ಧ ಗಂಟೆ ನಂತರ ಅಂತ ನಾವು ಹೇಳುತ್ತೇವೆ. ಅಕ್ಕ ಹೇಳಿದ್ದು, ಉಣ್ಣುವಾಗ ಚೊಂಬು ಬೇರೆ ಕೋಣೆಯಲ್ಲಿ ಇಡು ಅಂತ. ಎದ್ದು ಹೋಗಬೇಕಲ್ಲ, ಬೇಸರ ಆಗಿ ಬಿಡುತ್ತೀರಿ. ರೊಟ್ಟಿಗೆ ಮುಂಚೆ ಮೊಟ್ಟೆ ಅಥವಾ ಬೇಳೆ. ಆಮೇಲೆ ಕಾಲು ರೊಟ್ಟಿಯನ್ನು ಚೂರು ಮಾಡಿ ಬೇಳೆಯಲ್ಲಿ ನೆನೆಹಾಕಿ, ಹಲ್ಲಿಗೆ ಏನೂ ಸಿಗದಷ್ಟು ಅಗಿಯಬೇಕು. ಕಡಕ್ ರೊಟ್ಟಿ ಸದ್ಯಕ್ಕೆ ಬೇಡವೇ ಬೇಡ. ವರ್ಷದ ಹತ್ತಿರ ಬಂದಾಗ ಕೊಪ್ಪಳದ ಗವಿಮಠದ ಜಾತ್ರೆ. ಅಲ್ಲಿಯ ದಾಸೋಹ, ಆ ರೊಟ್ಟಿ ರಾಶಿ, ಮಿರ್ಚಿ, ನಿಮಗೆ ಹೇಳಬೇಕಾಗಿಲ್ಲ. ಹೋಗಲಾ ಬೇಡವಾ ಅಂತ ಇವರು ಕೇಳಿದ್ದು ನನ್ನನ್ನಲ್ಲ, ಅಕ್ಕನನ್ನು. ಅಕ್ಕ, "ಹೋಗು. ಪ್ರಸಾದ ಬ್ಯಾಡ ಅನಬ್ಯಾಡ. ಆದ್ರ ತಾಟು ಕೆಳಗ ಇಡಬ್ಯಾಡ, ಖಾಲಿನೂ ಮಾಡಬ್ಯಾಡ. ಕೈಯಾಗ ತಾಟು ತುಂಬಿದ್ರ ಯಾರೂ ಮತ್ತ ಹಾಕಲ್ಲ" ಅಂದರಂತೆ. ಸ್ವಲ್ಪೇ ಹಾಕಿಸಿಕೊಂಡು, ಒಂದು ಮಿರ್ಚಿಯನ್ನು ಅರ್ಧ ಗಂಟೆ ಕಚ್ಚುತ್ತಾ ನಿಂತಿದ್ದರಂತೆ. ಮಿರ್ಚಿ ನನ್ನ ಚಾರ್ಟಿನಲ್ಲಿ ಇಲ್ಲ ನೋಡಿ. ನನ್ನನ್ನು ಕೇಳಿದ್ದರೆ ಬೇಡ ಅನ್ನುತ್ತಿದ್ದೆ. ಅವರು ಕದ್ದು ತಿನ್ನುತ್ತಿದ್ದರು, ಆಮೇಲೆ ನನ್ನ ಹತ್ತಿರ ಬರುವುದನ್ನೇ ಬಿಡುತ್ತಿದ್ದರು.

ಕಥೆ ಇಲ್ಲಿಗೆ ಮುಗಿಯಲಿಲ್ಲ, ನನಗೆ ಇಷ್ಟವಾದ ಭಾಗ ಮುಂದಿದೆ. ಸ್ವಲ್ಪ ಕಾಲದ ಮೇಲೆ ಅಕ್ಕನ ತೂಕ ಏರಲು ಶುರುವಾಯಿತು. ಮೊದಲ ಒಂದು, ಒಂದೂವರೆ ವರ್ಷ ತೂಕ ಇಳಿಯುತ್ತದೆ, ಆಮೇಲೆ ನಿಲ್ಲುತ್ತದೆ, ಎಷ್ಟೋ ಜನರಿಗೆ ಸ್ವಲ್ಪ ವಾಪಸ್ಸೂ ಬರುತ್ತದೆ. ಅಕ್ಕ ನಾಚಿಕೆಪಟ್ಟುಕೊಂಡು ಫೋನ್ ಎತ್ತುವುದನ್ನು ಬಿಟ್ಟರು. ನನ್ನ ಫೋನನ್ನೂ ಎತ್ತಲಿಲ್ಲ. ಈ ಜೀನ್ಸ್ ತಮ್ಮ ಏನು ಮಾಡಿದರು ಗೊತ್ತಾ? ಸೀದಾ ಖಾನಾವಳಿಗೆ ಹೋಗಿ, ಅಡುಗೆಮನೆ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತರು. ಸುಮ್ನೆ ನೋಡುತ್ತಾ ಕೂತರು. ಅಕ್ಕ ಸಾರಿಗೆ ಉಪ್ಪು ನೋಡುತ್ತಾರೆ, ಪಲ್ಯ ಚೂರು ಬಾಯಿಗೆ ಹಾಕಿಕೊಳ್ಳುತ್ತಾರೆ, ಶೇಂಗಾ ಹಿಂಡಿ ಕುಟ್ಟಿದರೆ ಒಂದು ಚಿಟಿಕೆ, ಎಣ್ಣೆಗಾಯಿ ಗೊಜ್ಜು ಒಂದು ಬೆರಳು, ಬೆಳಿಗ್ಗೆಯಿಂದ ರಾತ್ರಿವರೆಗೆ ಇದೇ. ಅಕ್ಕನ ಲೆಕ್ಕದಲ್ಲಿ ಅದು ಊಟವೇ ಅಲ್ಲ. ನನ್ನ ಮುಂದೆ ಎಷ್ಟು ಸಲ ಊಟದ ವಿವರ ಹೇಳಿದ್ದರೂ ಇದು ಬಂದಿರಲಿಲ್ಲ. "ಅಕ್ಕಾ, ರುಚಿ ನೋಡೋ ಕೆಲಸ ಆ ಹುಡುಗಿಗೆ ಕೊಡು" ಅಂದರು. ಅಷ್ಟೇ. ಈಗಲೂ ಕೊಟ್ಟಿದ್ದಾರೆ. ಉಪ್ಪು ಒಂದೊಂದು ದಿನ ಜಾಸ್ತಿ ಆಗುತ್ತದೆ ಅಂತ ಗಿರಾಕಿಗಳ ದೂರು ಇದೆ, ಇರಲಿ ಬಿಡಿ.

ಇದು ನಮ್ಮೂರಲ್ಲಿ ಮಾತ್ರ ಆಗುವುದಲ್ಲ. ನ್ಯೂಯಾರ್ಕಿನಲ್ಲಿ ಜೀನ್ ನೈಡೆಚ್ ಅಂತ ಒಬ್ಬ ಗೃಹಿಣಿ ಇದ್ದರು. ಆಪರೇಷನ್ ಅಲ್ಲ, ಪಥ್ಯದಿಂದ ತೂಕ ಇಳಿಸಲು ನೋಡುತ್ತಿದ್ದವರು. 1961ರಲ್ಲಿ ಸರ್ಕಾರಿ ಕ್ಲಿನಿಕ್‌ಗೆ ಹೋದರು, ಪಥ್ಯದ ಚಾರ್ಟ್ ಸಿಕ್ಕಿತು. ಆದರೆ ಬಚ್ಚಲುಮನೆಯಲ್ಲಿ ಒಗೆಯುವ ಬಟ್ಟೆ ಬುಟ್ಟಿಯೊಳಗೆ ಬಿಸ್ಕತ್ತು ಮುಚ್ಚಿಟ್ಟು ಕದ್ದು ತಿನ್ನುವ ವಿಷಯ ಅಲ್ಲಿ ಬಾಯಿಬಿಡಲಾಗಲಿಲ್ಲ. ಅವರಂತೆಯೇ ದಪ್ಪ ಇದ್ದ ಆರು ಜನ ಗೆಳತಿಯರನ್ನು ಮನೆಗೆ ಕರೆದು, ಅವರ ಮುಂದೆ ಹೇಳಿದರು. ನೋಡಿದರೆ ಅವರೂ ಎಲ್ಲೆಲ್ಲೋ ಬಚ್ಚಿಟ್ಟು ತಿನ್ನುವವರೇ! ಆ ಸೇರುವಿಕೆಯೇ ಬೆಳೆದು 1963ರಲ್ಲಿ ವೇಟ್ ವಾಚರ್ಸ್ ಅನ್ನುವ ಕಂಪನಿ ಆಯಿತು. ಚಾರ್ಟ್ ಕೊಟ್ಟವರ ಮುಂದೆ ಬಾಯಿ ಬಿಡಲಿಲ್ಲ, ತನ್ನಂಥವರ ಮುಂದೆ ಬಿಟ್ಟರು. ನಾನು ಹೇಳುತ್ತಿರುವುದೂ ಅದೇ, ಒಬ್ಬರು ಬೇಕು.

ಗಡಿಯಾರ ಓಡುತ್ತಿದೆ, ಬೇಗ ಬೇಗ ಹೇಳುತ್ತೇನೆ. ಮೂರರಿಂದ ಆರು ತಿಂಗಳ ಹೊತ್ತಿಗೆ ಕೂದಲು ಉದುರುತ್ತದೆ, ಮತ್ತೆ ಬರುತ್ತದೆ, ಗಾಬರಿ ಬೇಡ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ ಮಾತ್ರೆಗಳು ಜೀವನಪೂರ್ತಿ. ತೂಕ ಇಳಿದ ಮೇಲೆ ಮಾತ್ರೆ ಯಾಕೆ ಅನ್ನಬೇಡಿ. ಬೈಪಾಸ್ ಆದವರು ಹೋಳಿಗೆ, ಜಿಲೇಬಿ ತಿಂದರೆ ಬೆವರು, ಎದೆ ಡವಡವ, ತಲೆ ಸುತ್ತು ಬರಬಹುದು. ಮದ್ಯ ಬೇಗ ತಲೆಗೇರುತ್ತದೆ, ಚಟವೂ ಬೇಗ ಹತ್ತುತ್ತದೆ, ಗಂಡಸರು ಸ್ವಲ್ಪ ಕಿವಿಗೊಟ್ಟು ಕೇಳಿ. ಹೆಣ್ಣುಮಕ್ಕಳು ವರ್ಷದಿಂದ ಒಂದೂವರೆ ವರ್ಷ ಗರ್ಭ ಮುಂದಕ್ಕೆ ಹಾಕಿ. ವಾಂತಿ ನಿಲ್ಲುತ್ತಿಲ್ಲ, ಕಾಲು ಜೋಮು ಹಿಡಿಯುತ್ತಿದೆ, ಕಣ್ಣು ಮಂಜಾಗುತ್ತಿದೆ ಅಂದರೆ ಆಗ ಜೊತೆಯವರಿಗೆ ಫೋನ್ ಮಾಡಬೇಡಿ, ಆಸ್ಪತ್ರೆಗೆ ಹೋಗಿ. ಅವತ್ತೇ.

ಮನೆಯವರಿಗೆ ಒಂದು ಮಾತು. ಮುಖ ಯಾಕೆ ಹಿಂಗೆ ಸೊರಗಿದೆ, ಏನಾದರೂ ಕಾಯಿಲೆನಾ ಅಂತ ಮದುವೆ ಮನೆಯಲ್ಲಿ ಹತ್ತು ಜನರ ಮುಂದೆ ಕೇಳಬೇಡಿ. ಬೆವರು ಹರಿಸದೆ ಆಪರೇಷನ್ ಮಾಡಿಸಿಕೊಂಡರು ಅಂತ ಮೂಗು ಮುರಿಯುವವರಿಗೆ ನಾನು ಏನೂ ಹೇಳುವುದಿಲ್ಲ. ಒಂದು ತಿಂಗಳು ಕಾಲು ರೊಟ್ಟಿಯಲ್ಲಿ ಇದ್ದು ಬಂದು ಆಮೇಲೆ ಮಾತಾಡಲಿ.

ಆ ಒಬ್ಬರನ್ನು ಹುಡುಕುವುದು ಹೇಗೆ? ಮುಂದಿನ ಸಲ ಚೆಕಪ್‌ಗೆ ಹೋದಾಗ ಕೇಳಿ. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯವರು ಯಾರಾದರೂ ಇಲ್ಲಿ ಮಾಡಿಸಿಕೊಂಡಿದ್ದಾರಾ, ಅವರ ಒಪ್ಪಿಗೆ ಕೇಳಿ ನನ್ನ ನಂಬರ್ ಕೊಡಿ ಅಂತ. ನಿಮಗಿಂತ ಒಂದು ವರ್ಷ ಮುಂದೆ ಇರುವವರಾದರೆ ಒಳ್ಳೆಯದು. ಆಪರೇಷನ್ ಆಗುವ ಮುಂಚೆಯೇ ಸಿಕ್ಕರೆ ಇನ್ನೂ ಒಳ್ಳೆಯದು. ನಾಲ್ಕೈದು ಜನ ಆದಿರಾ, ಮೊಬೈಲಿನಲ್ಲಿ ಗುಂಪು ಮಾಡಿಕೊಳ್ಳಿ, ಆದರೆ ಕಿಲೋ ಹಾಕುವಂತಿಲ್ಲ ಅಂತ ಮೊದಲ ದಿನವೇ ಹೇಳಿಬಿಡಿ. ಒಬ್ಬರಿಗೆ ಎಂಟು ಇಳಿದು ಇನ್ನೊಬ್ಬರಿಗೆ ನಾಲ್ಕು ಇಳಿದರೆ, ನಾಲ್ಕಿನವರು ಮಾರನೇ ದಿನದಿಂದ ಗಪ್ ಚಿಪ್. ಒಬ್ಬರ ಮಾತ್ರೆ ಇನ್ನೊಬ್ಬರು ನುಂಗುವುದೂ ಬೇಡ. ಮೊದಲ ಸಲ ಫೋನ್ ಮಾಡಿ ಏನು ಮಾತಾಡುವುದು ಅಂತ ಮುಜುಗರ ಇದ್ದರೆ, ಇವತ್ತು ಏನು ಉಂಡಿರಿ ಅಂತ ಕೇಳಿ. ನಮ್ಮ ಕಡೆ ಯಾರನ್ನು ಆ ಮಾತು ಕೇಳಿದರೂ ಅರ್ಧ ಗಂಟೆ ಫೋನ್ ಇಡುವುದಿಲ್ಲ. ನಮಸ್ಕಾರ.