ಕಡಲಿನ ಮೇಲೆ ಎರಡು ಸರಕಾರ

ಕೇಳುಗರಿಗೆ ನಮಸ್ಕಾರ.

ಮಲ್ಪೆಯಿಂದ ಹೊರಟ ಬೋಟು 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ದಾಟಿತು ಅಂತ ಇಟ್ಟುಕೊಳ್ಳಿ. ಅಲ್ಲಿಂದ ಮುಂದೆ ಮೀನುಗಾರಿಕೆಯ ಅಧಿಕಾರ ಕೇಂದ್ರದ್ದು. ಅದಕ್ಕಿಂತ ಈಚೆ, ತೀರದ ಕಡೆಯ ನೀರಿನಲ್ಲಿ ರಾಜ್ಯದ್ದು. ಸಂವಿಧಾನವೇ ಹೀಗೆ ಹಂಚಿಕೊಟ್ಟಿದೆ. ಬಂಗುಡೆ, ಬೂತಾಯಿ ಎರಡೂ ಕಡೆ ಓಡಾಡುವ ಮೀನು. ಹಾಗಾಗಿ ಒಂದು ಕಡೆ ಮಾತ್ರ ಕಾನೂನು ಮಾಡಿದರೆ ಸಾಲದು.

ಮಳೆಗಾಲದ ನಿಷೇಧವನ್ನೇ ನೋಡಿ. ಮೀನು ಮರಿ ಮಾಡುವ ಕಾಲ ಅಂತ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ದಕ್ಕೆಯಲ್ಲೇ ನಿಲ್ಲುತ್ತವೆ. ಆಳ ಸಮುದ್ರಕ್ಕೆ ದಿಲ್ಲಿಯ ಆದೇಶ. ತೀರದ ನೀರಿಗೆ ರಾಜ್ಯದ ಆದೇಶ, ಅದು 1986ರ ನಮ್ಮದೇ ಕಾಯಿದೆಯ ಪ್ರಕಾರ. ಎರಡೂ ಒಂದೇ ದಿನ ಶುರುವಾಗಿ ಒಂದೇ ದಿನ ಮುಗಿಯುತ್ತವೆ. ಹೊಂದಾಣಿಕೆ ಅಂದರೆ ಇದು ಅಲ್ವಾ?

ಆದರೆ ಕೇರಳದ ಗಡಿಯ ತಲಪಾಡಿ ದಾಟಿದರೆ ಲೆಕ್ಕ ಬೇರೆ. ಕೇರಳದ ಟ್ರಾಲಿಂಗ್, ಅಂದರೆ ಬೋಟಿನಿಂದ ಬಲೆ ಎಳೆದು ಮೀನು ಹಿಡಿಯುವುದರ, ನಿಷೇಧ 52 ದಿನ. ಜೂನ್ ಮೊದಲ ವಾರ ನಮ್ಮ ಬೋಟು ಕಟ್ಟಿ ಹಾಕಿರುವಾಗ ಅಲ್ಲಿಯವರು ತಮ್ಮ ತೀರದ ನೀರಿನಲ್ಲಿ ಬಲೆ ಬಿಡಬಹುದು. ಬೋಟಿನಲ್ಲಿ ದುಡಿಯುವವನಿಗೆ ಒಂಬತ್ತು ದಿನದ ಸಂಪಾದನೆ ಸಣ್ಣದಲ್ಲ.

ಇಂಥದ್ದನ್ನು ಮಾತಾಡಲು ಜಾಗವಿದೆ. 1956ರ ಕಾಯಿದೆಯಿಂದ ಬಂದ ದಕ್ಷಿಣ ವಲಯ ಮಂಡಳಿಯಲ್ಲಿ ಕರ್ನಾಟಕ, ಕೇರಳ ಎರಡೂ ಇವೆ. ಕೇಂದ್ರ ಗೃಹ ಸಚಿವರು ಅದರ ಅಧ್ಯಕ್ಷರು. ಅದಕ್ಕಿಂತ ದೊಡ್ಡದು ಅಂತರರಾಜ್ಯ ಮಂಡಳಿ. ಕೇಂದ್ರ-ರಾಜ್ಯ ಸಂಬಂಧ ಪರಿಶೀಲಿಸಿದ ಸರ್ಕಾರಿಯಾ ಆಯೋಗದ ಸಲಹೆಯಂತೆ 1990ರಲ್ಲಿ, ಸಂವಿಧಾನದ 263ನೇ ವಿಧಿಯ ಪ್ರಕಾರ ಹುಟ್ಟಿದ್ದು. ಪ್ರಧಾನಿ, ಮುಖ್ಯಮಂತ್ರಿಗಳು ಎದುರೆದುರು ಕೂರುವ ಸಭೆ ಅದು. ಆದರೆ 2006ರಲ್ಲಿ ಸೇರಿದ ಮಂಡಳಿ ಮತ್ತೆ ಸೇರಿದ್ದು 2016ರ ಜುಲೈಯಲ್ಲಿ! ಹತ್ತು ವರ್ಷ ಸುಮ್ನೆ ಹೋಯಿತು. ನನಗೆ ಇದು ತುಂಬ ಬೇಸರದ ಸಂಗತಿ.

ಜಿಎಸ್‌ಟಿ ಮಂಡಳಿ ಹಾಗಲ್ಲ, ಅದು ಆಗಾಗ ಸೇರುತ್ತದೆ. ಅಲ್ಲಿ ಮತದ ಮೂರನೇ ಒಂದು ಪಾಲು ಕೇಂದ್ರದ್ದು, ಉಳಿದದ್ದು ರಾಜ್ಯಗಳದ್ದು. ತೀರ್ಮಾನಕ್ಕೆ ನಾಲ್ಕರಲ್ಲಿ ಮೂರು ಪಾಲು ಮತ ಬೇಕು. ಕೇಂದ್ರ ಒಂದೇ ಏನೂ ಮಾಡಲಾಗದು, ಕೇಂದ್ರವನ್ನು ಬಿಟ್ಟು ರಾಜ್ಯಗಳೂ ಮಾಡಲಾರವು. ಕೂತು ಮಾತಾಡದೆ ಕೆಲಸ ಸಾಗುವುದೇ ಇಲ್ಲ. ತೆರಿಗೆಗೆ ಇಷ್ಟು ಗಟ್ಟಿ ಏರ್ಪಾಡು ಮಾಡಿಕೊಂಡವರು ಕಡಲಿಗೆ ಯಾಕೆ ಮಾಡಬಾರದು?

ಪ್ರತಿ ವರ್ಷ ನಿಷೇಧದ ಆದೇಶ ಬರುವ ಮೊದಲೇ, ಏಪ್ರಿಲ್‌ನಲ್ಲಿ, ಪಶ್ಚಿಮ ಕರಾವಳಿಯ ಎಲ್ಲ ರಾಜ್ಯಗಳ ಮೀನುಗಾರಿಕೆ ಸಚಿವರು ಕೇಂದ್ರದವರ ಜೊತೆ ಒಂದು ದಿನ ಕೂರಲಿ. ಸಭೆ ಮಂಗಳೂರಿನಲ್ಲೇ ಆಗಲಿ. ಟ್ರಾಲ್ ಬೋಟಿನವರಿಗೂ ನಾಡದೋಣಿಯವರಿಗೂ ಅಲ್ಲಿ ಕುರ್ಚಿ ಇರಲಿ.

ನಮಸ್ಕಾರ.