ಗೆಜ್ಜೆ ಬಿಚ್ಚುವ ಊರು

ಕೇಳುಗರಿಗೆಲ್ಲ ನಮಸ್ಕಾರ.

ಯಕ್ಷಗಾನ ಮೇಳದ ಕೊನೆಯ ಆಟ ಎಲ್ಲಿ ಎಂದು ನಮ್ಮ ಕಡೆ ಯಾರೂ ಮೀಟಿಂಗ್ ಕರೆಯುವುದಿಲ್ಲ. ದೀಪಾವಳಿ ಕಳೆದ ಮೇಲೆ ಹೊರಟ ಮೇಳ ಊರೂರು ತಿರುಗುತ್ತದೆ. ಮೇ ತಿಂಗಳ ಕೊನೆಯ ಹೊತ್ತಿಗೆ ಪತ್ತನಾಜೆ ಬರುತ್ತದೆ. ಅವತ್ತು ತನ್ನ ಕ್ಷೇತ್ರಕ್ಕೇ ಬಂದು, ದೇವರ ಎದುರು ಗೆಜ್ಜೆ ಬಿಚ್ಚಿ ಆ ವರ್ಷದ ತಿರುಗಾಟ ಮುಗಿಸುತ್ತದೆ. ದಿನವೂ ಗೊತ್ತು, ಜಾಗವೂ ಗೊತ್ತು.

ಕಾರ್ ರ‍್ಯಾಲಿಗೆ ಅಂಥ ಪತ್ತನಾಜೆ ಇಲ್ಲ. ವರ್ಷವಿಡೀ ಊರೂರು ತಿರುಗಿದ ಚಾಂಪಿಯನ್‌ಶಿಪ್ ಕೊನೆಗೆ ಎಲ್ಲಿ ಗೆಜ್ಜೆ ಬಿಚ್ಚಬೇಕು ಎನ್ನುವುದೇ ದೊಡ್ಡ ಚರ್ಚೆ.

ಮೊನ್ನೆ ಕದ್ರಿ ಪಾರ್ಕಿನಲ್ಲಿ ವಾಕಿಂಗ್ ಮುಗಿಸಿ ಕೂತಿದ್ದೆವು. ಗೆಳೆಯರೊಬ್ಬರು ಕೇಳಿದರು, "ಅಲ್ಲ ಮಾರಾಯ್ರೆ, ನ್ಯಾಷನಲ್ ರ‍್ಯಾಲಿಯ ಫೈನಲ್ ನಮ್ಮ ಮಂಗಳೂರಲ್ಲಿ ಯಾಕೆ ಮಾಡಬಾರದು? ಏರ್‌ಪೋರ್ಟ್ ಉಂಟು, ಹೋಟೆಲ್ ಉಂಟು, ಘಾಟಿ ಉಂಟು. ಇನ್ನೆಂತ ಬೇಕು?" ನಾನು ನಕ್ಕು ಸುಮ್ಮನಾದೆ. ಉತ್ತರ ಸ್ವಲ್ಪ ಉದ್ದ ಇತ್ತು. ಇವತ್ತು ಹೇಳುತ್ತೇನೆ.

ನಾನು ಬ್ಯಾಂಕಿನಿಂದ ರಿಟೈರ್ ಆದವ. ಕಾರ್ ಓಡಿಸುವುದರಲ್ಲಿ ಮಹಾ ಪುಕ್ಕಲ, ಪಂಪ್‌ವೆಲ್ ದಾಟುವಾಗಲೇ ಬೆವರುತ್ತೇನೆ. ಆದರೆ ರಜೆ ಹಾಕಿ ಹಾಕಿ ಎಷ್ಟೋ ರ‍್ಯಾಲಿಗಳಲ್ಲಿ ಟೈಮ್ ಕಂಟ್ರೋಲ್ ಮಾರ್ಷಲ್ ಆಗಿ, ಅಂದರೆ ಕಾರು ಬಂದ ಸಮಯ ಬರೆದುಕೊಳ್ಳುವವನಾಗಿ ಕೂತಿದ್ದೇನೆ. ಒಂದು ಮೇಜು, ಒಂದು ಗಡಿಯಾರ, ಒಂದು ಪೆನ್ನು. ಬ್ಯಾಂಕಿನ ಕೌಂಟರಿಗೂ ಅದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ. ಬರುವವರಿಗೆ ಅವಸರ, ಕೂತವರಿಗೆ ಇಲ್ಲ.

ರ‍್ಯಾಲಿ ನೋಡದವರಿಗೆ ಒಂದು ಮಾತು. ಕಂಬಳದ ಜೋಡುಕರೆಯಲ್ಲಿ ಎರಡು ಜೊತೆ ಕೋಣ ಒಟ್ಟಿಗೆ ಓಡುತ್ತವೆ. ಯಾರು ಮುಂದೆ ಎನ್ನುವುದು ಕಣ್ಣಿಗೇ ಕಾಣುತ್ತದೆ. ರ‍್ಯಾಲಿಯಲ್ಲಿ ಹಾಗಲ್ಲ. ಸಾಮಾನ್ಯ ಜನರಿಗೆ ಬಂದ್ ಮಾಡಿದ ರಸ್ತೆಯಲ್ಲಿ ಕಾರುಗಳು ಒಂದೊಂದಾಗಿ, ನಿಮಿಷಗಳ ಅಂತರ ಇಟ್ಟು ಹೊರಡುತ್ತವೆ. ಆ ರಸ್ತೆಯ ತುಂಡಿಗೆ ಸ್ಪೆಷಲ್ ಸ್ಟೇಜ್ ಅನ್ನುತ್ತಾರೆ. ಡ್ರೈವರ್ ಪಕ್ಕ ಕೂತ ನ್ಯಾವಿಗೇಟರ್ ಪ್ರತಿ ತಿರುವನ್ನೂ ಓದಿ ಹೇಳುತ್ತಿರುತ್ತಾನೆ. ಎಲ್ಲ ಸ್ಟೇಜುಗಳ ಸಮಯ ಕೂಡಿಸಿದರೆ ಫಲಿತಾಂಶ. ಒಂದು ಸ್ಟೇಜಿನಿಂದ ಇನ್ನೊಂದಕ್ಕೆ ಮಾಮೂಲಿ ರಸ್ತೆಯಲ್ಲಿ, ನಮ್ಮ ನಿಮ್ಮ ಹಾಗೆ ಸಿಗ್ನಲ್ ನೋಡಿಕೊಂಡು ಹೋಗಬೇಕು.

ಮೂಡಿಗೆರೆ ಹತ್ತಿರ ಒಂದು ತೋಟದ ಗೇಟಿನಲ್ಲಿ ನನ್ನ ಮೇಜು ಇತ್ತು. ವರ್ಷದ ಕೊನೆಯ ಸುತ್ತು, ಕೊನೆಯ ದಿನ. ಮೈಯೆಲ್ಲ ಕೆಂಪು ಮಣ್ಣು ಮೆತ್ತಿಕೊಂಡ ಒಂದು ಕಾರು ಬಂದು ಹಳದಿ ಬೋರ್ಡಿನ ಹಿಂದೆ ನಿಂತಿತು. ನ್ಯಾವಿಗೇಟರ್ ಹುಡುಗ ಟೈಮ್ ಕಾರ್ಡ್ ಹಿಡಿದು ಇಳಿದ. ಓಡಿ ಬಂದವನು ಮೇಜಿನಿಂದ ಎರಡು ಮಾರು ದೂರದಲ್ಲಿ ಗಕ್ಕನೆ ನಿಂತ. ನನ್ನ ಗಡಿಯಾರದಲ್ಲಿ ಅವನಿಗೆ ಗೊತ್ತುಮಾಡಿದ ನಿಮಿಷ ಬರಲು ಇನ್ನೂ 40 ಸೆಕೆಂಡ್ ಇತ್ತು. ಬೆವರು ಮೂಗಿನ ತುದಿಯಿಂದ ಕಾರ್ಡಿನ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅಂಕಿ ಬದಲಾದದ್ದೇ ತಡ, ಕಾರ್ಡ್ ನನ್ನ ಕೈಯಲ್ಲಿತ್ತು. ಯಾಕೆ ಕಾದ ಗೊತ್ತಾ? ಟೈಮ್ ಕಂಟ್ರೋಲಿಗೆ ಒಂದು ನಿಮಿಷ ತಡವಾಗಿ ಬಂದರೆ 10 ಸೆಕೆಂಡ್ ದಂಡ. ಒಂದು ನಿಮಿಷ ಬೇಗ ಬಂದರೆ ಪೂರ್ತಿ ಒಂದು ನಿಮಿಷ ದಂಡ. ಅಂತರರಾಷ್ಟ್ರೀಯ ನಿಯಮವೇ ಹಾಗೆ. ಬೇಗ ಬಂದವನಿಗೆ ಹೆಚ್ಚು ಶಿಕ್ಷೆ ಕೊಡುವ ಆಟ ಇದೊಂದೇ ಇರಬೇಕು. ನಮ್ಮ ಮದುವೆ ಹಾಲ್‌ಗಳಲ್ಲಿ ಈ ನಿಯಮ ಯಾರೂ ಮುರಿಯುವುದಿಲ್ಲ ಬಿಡಿ.

ಸರಿ, ಫೈನಲಿನ ಜಾಗಕ್ಕೆ ಬರೋಣ. ಜನ ಮೊದಲು ನೋಡುವುದು ಊರನ್ನು. ನಾನು ಮೊದಲು ನೋಡುವುದು ರಸ್ತೆಯ ಮೈಯನ್ನು. ಯಾಕೆಂದರೆ ರಸ್ತೆ ಪಕ್ಷಪಾತಿ. ಜಲ್ಲಿ ಮಣ್ಣಿನ ಒಣ ರಸ್ತೆಯಲ್ಲಿ ಮೊದಲು ಹೋಗುವ ಕಾರು ಕಸಬರಿಕೆಯ ಕೆಲಸ ಮಾಡುತ್ತದೆ. ಸಡಿಲ ಕಲ್ಲನ್ನೆಲ್ಲ ಗುಡಿಸಿ, ತಾನು ಜಾರಿ, ಹಿಂದೆ ಬರುವವರಿಗೆ ಗಟ್ಟಿ ದಾರಿ ಮಾಡಿಕೊಡುತ್ತದೆ. ವಿಶ್ವ ರ‍್ಯಾಲಿಯಲ್ಲಿ ಮೊದಲ ದಿನ, ಆ ವರ್ಷದ ಹಿಂದಿನ ಸುತ್ತುಗಳ ಪಾಯಿಂಟಿನಲ್ಲಿ ಮುಂದಿರುವವನೇ ಮೊದಲು ಹೊರಡಬೇಕು. ಅಂದರೆ ಫೈನಲನ್ನು ಒಣ ಮಣ್ಣಿನಲ್ಲಿ ಇಟ್ಟರೆ ವರ್ಷವಿಡೀ ಗೆದ್ದವನ ಕೈಗೇ ಪೊರಕೆ. ಡಾಂಬರಿನಲ್ಲಿ ಇಟ್ಟರೆ ತಿರುಗುಮುರುಗು. ಮೊದಲು ಹೋದವನಿಗೆ ಚೊಕ್ಕ ರಸ್ತೆ. ಅವನು ತಿರುವಿನ ಅಂಚಿಗೆ ಚಕ್ರ ಹತ್ತಿಸಿ ಎಳೆದು ತಂದ ಕೆಸರು ಹಿಂದಿನವರ ಪಾಲಿಗೆ. 2022ರಿಂದ 2024ರವರೆಗೆ ವಿಶ್ವ ರ‍್ಯಾಲಿಯ ಕೊನೆಯ ಸುತ್ತು ಜಪಾನಿನ ಡಾಂಬರು ರಸ್ತೆಯಲ್ಲಿ ನಡೆಯಿತು. 2025ರಲ್ಲಿ ಸೌದಿ ಅರೇಬಿಯಾದ ಮಣ್ಣಿಗೆ ಹೋಯಿತು. ಊರು ಮಾತ್ರ ಬದಲಾದದ್ದಲ್ಲ, ಯಾರಿಗೆ ಅನುಕೂಲ ಎನ್ನುವುದೂ ಬದಲಾಯಿತು.

ಹಾಗಾದರೆ ಒಳ್ಳೆಯ ಫೈನಲ್ ಯಾವುದು? ನನಗೆ ಕೇಳಿದರೆ ಬ್ರಿಟನ್ನಿನದು. ಎಷ್ಟೋ ವರ್ಷ ವಿಶ್ವ ರ‍್ಯಾಲಿ ಮುಗಿಯುತ್ತಿದ್ದದ್ದು ಅಲ್ಲಿ. ವೇಲ್ಸ್‌ನ ಕಾಡು ದಾರಿ, ನವೆಂಬರಿನ ಕೆಸರು, ಮಂಜು. 1998ರಲ್ಲಿ ಸ್ಪೇನಿನ ಕಾರ್ಲೋಸ್ ಸೈನ್ಸ್‌ಗೆ ಚಾಂಪಿಯನ್ ಆಗಲು ನಾಲ್ಕನೇ ಸ್ಥಾನ ಸಾಕಿತ್ತು. ಎದುರಾಳಿ ಟಾಮಿ ಮ್ಯಾಕಿನೆನ್ ಮೊದಲ ದಿನವೇ ರಸ್ತೆಯಲ್ಲಿ ಬಿದ್ದ ಎಣ್ಣೆಗೆ ಜಾರಿ, ಚಕ್ರ ಕಳಕೊಂಡು, ಹೊರಗೆ ಹೋಗಿದ್ದರು. ಸೈನ್ಸ್ ಆರಾಮವಾಗಿ ನಾಲ್ಕನೆಯವರಾಗಿ ಬರುತ್ತಿದ್ದರು. ಕೊನೆಯ ಸ್ಟೇಜು, ಗೆರೆ ಮುಟ್ಟಲು ಕೆಲವೇ ನೂರು ಮೀಟರ್. ಅಲ್ಲಿ ಇಂಜಿನ್ ಕೈಕೊಟ್ಟಿತು. ನ್ಯಾವಿಗೇಟರ್ ಲೂಯಿಸ್ ಮೋಯಾ ಸಿಟ್ಟಿನಲ್ಲಿ ಹೆಲ್ಮೆಟನ್ನು ಕಾರಿನ ಹಿಂದಿನ ಗಾಜಿಗೇ ಎಸೆದರು. ಹೋಟೆಲಿನಲ್ಲಿ ಕೂತಿದ್ದ ಮ್ಯಾಕಿನೆನ್ ಚಾಂಪಿಯನ್! ಈಗಲೂ ಆ ವಿಡಿಯೊ ನೋಡಿದರೆ ಹೊಟ್ಟೆಯೊಳಗೆ ಏನೋ ಆಗುತ್ತದೆ.

ಇಂಜಿನ್ ಎಲ್ಲಿ ಬೇಕಾದರೂ ಕೆಡಬಹುದು, ನಿಜ. ಆದರೆ ನನಗೆ ವೇಲ್ಸ್ ಹಿಡಿಸುವುದು ಇದಕ್ಕೆ: ರಸ್ತೆ ಎಲ್ಲರಿಗೂ ಗೊತ್ತಿರುವುದು, ಹವೆ ಯಾರಿಗೂ ಗೊತ್ತಿಲ್ಲದ್ದು. ಯಾರಿಗೂ ಮೊದಲೇ ಲೆಕ್ಕ ಹಾಕಿಡಲು ಆಗುವುದಿಲ್ಲ.

2020ರಲ್ಲಿ ಕೊರೊನಾದಿಂದ ಕ್ಯಾಲೆಂಡರ್ ಎಲ್ಲ ಅಡಿಮೇಲಾಗಿ, ಫೈನಲ್ ಇಟಲಿಯ ಮೋನ್ಜಾಕ್ಕೆ ಬಂತು. ರೇಸ್ ಟ್ರ್ಯಾಕಿನಲ್ಲಿ ಎಂಥ ರ‍್ಯಾಲಿ ಎಂದು ನಾನೂ ಮೂಗು ಮುರಿದಿದ್ದೆ. ಆದರೆ ಶನಿವಾರ ಅವರು ಗುಡ್ಡದ ರಸ್ತೆಗೆ ಹೋದರು, ಡಿಸೆಂಬರ್, ಹಿಮ. 14 ಪಾಯಿಂಟ್ ಮುಂದಿದ್ದ ಎಲ್ಫಿನ್ ಇವಾನ್ಸ್ ಜಾರಿ ಹೊರಗೆ ಬಿದ್ದರು. ಹಿಂದೆ ಬರುತ್ತಿದ್ದದ್ದು ಪಟ್ಟಕ್ಕೆ ಪೈಪೋಟಿ ಕೊಡುತ್ತಿದ್ದ ಸೆಬಾಸ್ಟಿಯನ್ ಓಜಿಯೇ. ನಿಧಾನ ಬಾ ಎಂದು ಇವಾನ್ಸ್ ಕೈಬೀಸಿ ಎಚ್ಚರಿಸಿದರು. ಪಟ್ಟ ಓಜಿಯೇ ಪಾಲಾಯಿತು.

ಇನ್ನು 2019. ಫೈನಲ್ ಆಸ್ಟ್ರೇಲಿಯಾದ ಕಾಫ್ಸ್ ಹಾರ್ಬರಿನಲ್ಲಿ ಎಂದು ತೀರ್ಮಾನವಾಗಿತ್ತು. ಸಮುದ್ರದ ಬದಿಯ ಚಂದದ ಊರು, ಪಕ್ಕದಲ್ಲೇ ಕಾಡು. ನವೆಂಬರಿನಲ್ಲಿ ಆ ಕಡೆಯ ಕಾಡಿಗೆ ಬೆಂಕಿ ಬಿತ್ತು, ರ‍್ಯಾಲಿಯೇ ರದ್ದಾಯಿತು. ಊರು ಸರಿಯಿತ್ತು, ತಿಂಗಳು ಕೈಕೊಟ್ಟಿತು.

ಅಲ್ಲಿಂದ ನನ್ನ ಲೆಕ್ಕ ತಿರುಗಿತು. ತಿಂಗಳು ಮೊದಲು, ಊರು ಆಮೇಲೆ.

ಮೂಡಿಗೆರೆ ತೋಟದ ಗೇಟಿನ ಕಥೆ ಮುಗಿದಿಲ್ಲ. ಕಾರುಗಳೆಲ್ಲ ಹೋದ ಮೇಲೆ ತೋಟದ ಲೆಕ್ಕ ನೋಡುವ ರೈಟರ್ ನನ್ನನ್ನು ಕರೆದುಕೊಂಡು ಹೋಗಿ ಕಣ ತೋರಿಸಿದರು. ಕೊಯ್ಲಿನ ಕಾಲ. ಹರವಿದ ಕಾಫಿ ಹಣ್ಣಿನ ಮೇಲೆ ಹಿಟ್ಟು ಉದುರಿಸಿದ ಹಾಗೆ ಧೂಳು. ಅವರು ಒಂದು ಹಿಡಿ ಎತ್ತಿ ನನ್ನ ಅಂಗೈಗೆ ಹಾಕಿದರು. "ಸಾರ್, ನಿಮ್ಮ ಫೈನಲ್ ನಮ್ಮ ಕೊಯ್ಲಿನ ಹೊತ್ತಿಗೇ ಬೇಕಿತ್ತಾ? ಆಳು ಸಿಗೋದೇ ಕಷ್ಟ. ಇವತ್ತು ಅರ್ಧ ಜನ ಕಾರ್ ನೋಡೋಕೆ ಹೋಗಿದ್ದಾರೆ." ನನ್ನ ಹತ್ತಿರ ಉತ್ತರ ಇರಲಿಲ್ಲ. ಮೇಜು ಮಡಚಿ ಬಂದೆ.

ಏಷ್ಯಾ ಪೆಸಿಫಿಕ್ ಚಾಂಪಿಯನ್‌ಶಿಪ್‌ನ ಸುತ್ತೇ ಚಿಕ್ಕಮಗಳೂರಿಗೆ ಬಂದ ಕಾಲ ಇತ್ತು. ಆ ಪಟ್ಟವನ್ನು 2013ರಲ್ಲೂ 2016, 2017ರಲ್ಲೂ ಗೆದ್ದ ಗೌರವ್ ಗಿಲ್ 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ರ‍್ಯಾಲಿ ಓಡಿಸುವವರಿಗೆ ಆ ಪ್ರಶಸ್ತಿ ಅದೇ ಮೊದಲು. ತೋಟದ ರಸ್ತೆಗಳ ಗುಣದ ಬಗ್ಗೆ ನನಗೆ ತಕರಾರೇ ಇಲ್ಲ. ತಕರಾರು ಕ್ಯಾಲೆಂಡರಿನ ಮೇಲೆ.

ಈಗ ನಮ್ಮ ಗೆಳೆಯರ ಮಂಗಳೂರು. ಘಾಟಿ ಉಂಟು ಅಂದರಲ್ಲ, ಶಿರಾಡಿ, ಚಾರ್ಮಾಡಿ ಎರಡೂ ರಾಷ್ಟ್ರೀಯ ಹೆದ್ದಾರಿ. ಮಲೆನಾಡಿನಿಂದ ಆಂಬುಲೆನ್ಸ್ ಮಂಗಳೂರಿನ ಆಸ್ಪತ್ರೆಗೆ ಇಳಿಯುವುದು ಅದರಲ್ಲೇ. ಆಟಕ್ಕಾಗಿ ಅದನ್ನು ನಾಲ್ಕು ಗಂಟೆ ಮುಚ್ಚಿ ಎಂದು ಕೇಳಲು ನನಗೆ ಬಾಯಿ ಬರುವುದಿಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಅದರ ಸುದ್ದಿಯೇ ಬೇಡ. ಉಳಿಯುವುದು ಸುಳ್ಯ, ಬೆಳ್ತಂಗಡಿ ಬದಿಯ ರಬ್ಬರ್ ತೋಟದ ದಾರಿಗಳು. ದಾರಿ ಒಳ್ಳೆಯದೇ. ಆದರೆ ಮಳೆ ಬಿಟ್ಟು ತಿಂಗಳಾದರೆ ಮುರಕಲ್ಲಿನ ಕೆಂಪು ಧೂಳು ಮರಗಳ ನಡುವೆ ಪರದೆ ಕಟ್ಟಿದ ಹಾಗೆ ನಿಲ್ಲುತ್ತದೆ, ಇಳಿಯುವುದೇ ಇಲ್ಲ. ಹಿಂದಿನ ಕಾರಿಗೆ ತಿರುವು ಕಾಣುವುದಿಲ್ಲ.

ಇನ್ನೊಂದು ವಿಷಯ ತಮಾಷೆಯದ್ದಲ್ಲ. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಬಾಡ್ಮೇರ್ ಕಡೆ ನ್ಯಾಷನಲ್ ರ‍್ಯಾಲಿ ನಡೆಯುವಾಗ ಬಂದ್ ಆಗಿದ್ದ ರಸ್ತೆಗೆ ಬೈಕೊಂದು ಬಂತು. ಕಾರು ಡಿಕ್ಕಿಯಾಗಿ ಒಂದೇ ಮನೆಯ ಮೂವರು ಸತ್ತರು. ನಮ್ಮ ಕರಾವಳಿಯಲ್ಲಿ ಮನೆಗಳು ಒಟ್ಟಿಗೆ ಇಲ್ಲ. ತೋಟಕ್ಕೊಂದು ಮನೆ, ಮನೆಗೊಂದು ಕಾಲುದಾರಿ. ಹತ್ತು ಕಿಲೋಮೀಟರಿನಲ್ಲಿ ಎಷ್ಟು ತಡಮೆ, ಎಷ್ಟು ಗೇಟು ಎಣಿಸಿದ್ದೀರಾ? ಪ್ರತಿಯೊಂದಕ್ಕೂ ಒಬ್ಬ ಮಾರ್ಷಲ್ ಬೇಕು. ದೊಡ್ಡ ಎಸ್ಟೇಟಿನಲ್ಲಾದರೆ ಗೇಟು ಎರಡೋ ಮೂರೋ, ಬೀಗ ಹಾಕಿದರೆ ಮುಗಿಯಿತು.

ಹಾಗಾಗಿ ನನ್ನ ಓಟು ಘಟ್ಟದ ಮೇಲಿನ ಕಾಫಿ ತೋಟಕ್ಕೇ. ಆದರೆ ಅಕ್ಟೋಬರಿನಲ್ಲಿ. ಕಾಯಿ ಇನ್ನೂ ಹಸಿರು, ಕಣ ಖಾಲಿ, ರೈಟರಿಗೂ ಪುರುಸೊತ್ತು. ದಸರಾ ರಜೆಗೆ ಹೊಂದಿಸಿದರೆ ಶಾಲೆ ಬಸ್ಸಿನ ಕಾಟವೂ ಇಲ್ಲ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಗುಡುಗು. ಯಾವ ಟಯರು ಹಾಕುವುದು ಎಂದು ಚಾಂಪಿಯನ್ ಕೂಡ ಆಕಾಶ ನೋಡಬೇಕು. ಮಣ್ಣು ಹಸಿಯಾದರೆ ಮೊದಲು ಹೋಗುವವನಿಗೆ ಪೊರಕೆ ಹಿಡಿಯುವ ಕರ್ಮ ಕಮ್ಮಿ, ಹಿಂದಿನವನಿಗೆ ಧೂಳಿಲ್ಲ. ಗುಂಡಿ ಬೀಳುತ್ತದೆ, ಬೀಳಲಿ. ಮಾರ್ಷಲ್‌ಗಳಿಗೆ ಉಂಬಳ ಕಚ್ಚುತ್ತದೆ, ಅದಕ್ಕೆ ಜೇಬಿನಲ್ಲಿ ಉಪ್ಪು ಇದ್ದರಾಯಿತು. ಊರು ಊರಿಗೆ ವರ್ಷವರ್ಷ ಫೈನಲನ್ನು ಹರಾಜಿಗೆ ಇಡುವುದೂ ನನಗೆ ಇಷ್ಟವಿಲ್ಲ. ಒಂದೇ ಕಡೆ ಹತ್ತು ವರ್ಷ ಇರಲಿ. ಪತ್ತನಾಜೆಯ ಹಾಗೆ ಜನರೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಲಿ.

"ಹಾಗಾದರೆ ಮಂಗಳೂರಿಗೆ ಎಂತ ಇಲ್ವಾ?" ಎಂದು ಗೆಳೆಯರು ಕೇಳಿಯೇ ಕೇಳುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೇ. ಬೆಳಿಗ್ಗೆ ನಾಲ್ಕಕ್ಕೆ ಹೊರಟರೆ ಬೆಳಕಾಗುವಾಗ ಚಾರ್ಮಾಡಿ ಹತ್ತಿರುತ್ತೇವೆ. ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ನನ್ನ ಲೆಕ್ಕದಲ್ಲಿ. ಕಾರು ಮಾತ್ರ ನೀವೇ ಓಡಿಸಬೇಕು.

ನಮಸ್ಕಾರ.