ಕೋರ್ಟಿನಲ್ಲಿ ‘ಒಪ್ಕೋತೀನಿ’ ಅನ್ನುವ ಮೊದಲು

ಕೇಳುಗರೆಲ್ಲರಿಗೂ ನಮಸ್ಕಾರ.

ಯಾವ ತಾಲ್ಲೂಕು ಕೋರ್ಟಿನ ವರಾಂಡದಲ್ಲಿ ನಿಂತರೂ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಂದು ಮಾತು ಕಿವಿಗೆ ಬೀಳುತ್ತದೆ. “ಒಪ್ಕೊಂಡು ದಂಡ ಕಟ್ಟಿ ಹೋಗಯ್ಯ, ಯಾಕೆ ಸುಮ್ನೆ ಅಲೀತೀಯಾ?” ಹೇಳುವವರು ಒಮ್ಮೊಮ್ಮೆ ಊರಿನ ಹಿರಿಯರು. ಒಮ್ಮೊಮ್ಮೆ ಸ್ಟೇಷನ್ನಿನಿಂದ ಬಂದ ಪೇದೆ. ಒಮ್ಮೊಮ್ಮೆ, ಹೇಳಲು ನಾಚಿಕೆಯಾಗುತ್ತದೆ, ನಮ್ಮ ಕರಿಕೋಟಿನವರೇ.

ಒಪ್ಪಿಕೊಂಡು ದಂಡ ಕಟ್ಟಿದರೆ ಕೇಸು ಮುಗಿಯುತ್ತದೆ, ನಿಜ. ಹೇಗೆ ಮುಗಿಯುತ್ತದೆ ಅಂತ ಯಾರೂ ಹೇಳುವುದಿಲ್ಲ. ನೀವು ಅಪರಾಧಿ ಅಂತ ಕೋರ್ಟು ತೀರ್ಪು ಬರೆದು ಮುಗಿಯುತ್ತದೆ. ಅದು ರಾಜಿಯಲ್ಲ, ಖುಲಾಸೆಯೂ ಅಲ್ಲ. ಇನ್ನೂರು ರೂಪಾಯಿ ದಂಡವಾದರೂ ಅದು ಶಿಕ್ಷೆಯೇ. ಅದಕ್ಕೇ ಇವತ್ತು ನಾನು ಹೇಳುವುದು ಒಂದೇ ಮಾತು: ಏನನ್ನು ಒಪ್ಪುತ್ತಿದ್ದೇನೆ ಅಂತ ತಿಳಿಯದೆ ಒಪ್ಪಬೇಡಿ.

ಮೊದಲು ಒಂದು ಗೊಂದಲ ಬಿಡಿಸೋಣ. ಪೊಲೀಸರ ಮುಂದೆ ‘ನಾನೇ ಮಾಡಿದೆ’ ಅಂದರೆ ಆ ಮಾತಿಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ಅದು ಬ್ರಿಟಿಷರ ಕಾಲದಿಂದ ಬಂದ ಕಾನೂನು, ಈಗಲೂ ಹಾಗೆಯೇ ಇದೆ. ನಾನು ಮಾತಾಡುತ್ತಿರುವುದು ಬೇರೆ ವಿಷಯ. ತನಿಖೆ ಮುಗಿದಿದೆ, ಚಾರ್ಜ್‌ಶೀಟ್ ಬಂದಿದೆ, ನಿಮಗೆ ಸಮನ್ಸ್ ಬಂದಿದೆ. ಬಾಗಿಲಲ್ಲಿ ನಿಮ್ಮ ಹೆಸರು ಕೂಗುತ್ತಾರೆ. ಕಟಕಟೆಯಲ್ಲಿ ನಿಲ್ಲುತ್ತೀರಿ. ನ್ಯಾಯಾಧೀಶರು ನಿಮ್ಮ ಮೇಲಿನ ಆಪಾದನೆ ಏನು ಅಂತ ಹೇಳಿ, “ತಪ್ಪು ಒಪ್ಪಿಕೊಳ್ಳುತ್ತೀರಾ, ವಿಚಾರಣೆ ಬೇಕಾ?” ಅಂತ ಕೇಳುತ್ತಾರೆ. ಇಡೀ ಕೇಸಿನಲ್ಲಿ ನಿಮ್ಮ ಬಾಯಿಂದ ಬರುವ ಅತಿ ಮುಖ್ಯ ಮಾತು ಅಲ್ಲಿಯದು. ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷಕ್ಕೆ ಯಾರೂ ತಯಾರಾಗಿ ಬರುವುದಿಲ್ಲ.

ಒಂದು ಕೇಸು ಹೇಳುತ್ತೇನೆ. ಕೆಲವು ವರ್ಷಗಳ ಹಿಂದಿನದು. ಯುಗಾದಿಯ ಮಾರನೇ ದಿನ, ಹೊಸತೊಡಕು. ಊರಾಚೆಯ ಹುಣಸೆ ತೋಪಿನಲ್ಲಿ ಆರು ಜನ ಟಾರ್ಪಾಲು ಹಾಸಿಕೊಂಡು ಅಂದರ್ ಬಾಹರ್ ಆಡುತ್ತಿದ್ದರು. ಪೊಲೀಸರು ಬಂದರು. ಹಿಡಿದದ್ದು ಏಳು ಜನರನ್ನು. ಮಹಜರಿನಲ್ಲಿ ಬರೆದದ್ದು: 52 ಇಸ್ಪೀಟ್ ಎಲೆ, ಒಂದು ಹಳೇ ನೀಲಿ ಟಾರ್ಪಾಲು, ಸಾವಿರದ ಚಿಲ್ಲರೆ ನಗದು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಕಲಂ, ಅಂದರೆ ಸಾರ್ವಜನಿಕ ಜಾಗದಲ್ಲಿ ಜೂಜಾಡಿದ ಆಪಾದನೆ. ಹಬ್ಬದ ಮರುವಾರ ನಮ್ಮ ಕಡೆಯ ಕೋರ್ಟುಗಳಲ್ಲಿ ಇಂಥವು ಕಟ್ಟುಕಟ್ಟು ಬರುತ್ತವೆ.

ಕೇಸು ಕರೆದ ದಿನ ನಾನು ಬೇರೆ ಕೆಲಸಕ್ಕೆ ಅಲ್ಲೇ ಕುಳಿತಿದ್ದೆ. ಏಳೂ ಜನ ಸಾಲಾಗಿ ನಿಂತರು. ಮ್ಯಾಜಿಸ್ಟ್ರೇಟರು ಹೊಸಬರು, ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಆಪಾದನೆಯನ್ನು ಕನ್ನಡದಲ್ಲೇ ಹೇಳಿ, ಒಪ್ಪಿಕೊಳ್ಳುತ್ತೀರಾ ಅಂತ ಕೇಳಿದರು. “ಒಪ್ಕೋತೀವಿ ಮೇಡಂ,” ಸ್ಕೂಲಿನ ಪ್ರಾರ್ಥನೆ ಥರ ಒಟ್ಟಿಗೆ ಬಂತು. ಆಕೆ ಅದನ್ನು ಬರೆದುಕೊಳ್ಳಲಿಲ್ಲ. “ಒಬ್ಬೊಬ್ಬರಾಗಿ ಹೇಳಿ” ಅಂದರು. ಆರು ಜನ ಹೇಳಿದರು. ಏಳನೆಯವನು ಇಪ್ಪತ್ತು ದಾಟದ ಹುಡುಗ.

“ಒಪ್ಕೋತೀನಿ ಮೇಡಂ.”

“ಏನು ಒಪ್ಕೋತೀಯಪ್ಪಾ?”

“ಎಲ್ಲಾ.”

“ಎಲ್ಲಾ ಅಂದ್ರೆ? ದುಡ್ಡು ಕಟ್ಟಿ ಆಡಿದ್ಯಾ?”

“ಇಲ್ಲ ಮೇಡಂ. ಊಟಕ್ಕೆ ಕರ್ಕೊಂಡ್ ಬಾ ಅಂತ ಅಮ್ಮ ಕಳಿಸಿದ್ಲು. ಅಪ್ಪನ್ನ ಕರೆಯೋಕೆ ಹೋಗಿದ್ದೆ.”

ಅಪ್ಪ ಅದೇ ಸಾಲಿನಲ್ಲಿ ಮೂರನೆಯವನು. ನೆಲ ನೋಡುತ್ತಾ ನಿಂತಿದ್ದ.

“ಮತ್ತೆ ಒಪ್ಕೋತೀನಿ ಅಂದಿದ್ದು ಯಾಕೆ?”

“ಒಪ್ಕೊಂಡ್ರೆ ಮುನ್ನೂರು ರೂಪಾಯಿಗೆ ಮುಗಿಯುತ್ತೆ ಅಂದ್ರು ಮೇಡಂ.”

ಹಾಲ್‌ನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮೇಡಂ ನಗಲಿಲ್ಲ. ಆ ಹುಡುಗ ಹೇಳಿದ್ದನ್ನು ಅವನ ಮಾತಿನಲ್ಲೇ ಬರೆದುಕೊಂಡರು. ಆರೋಪಿ ತಪ್ಪು ಒಪ್ಪಿಲ್ಲ ಅಂತ ದಾಖಲು ಮಾಡಿ, ಅವನೊಬ್ಬನ ಕೇಸನ್ನು ಬೇರೆ ಮಾಡಿ ವಿಚಾರಣೆಗೆ ಇಟ್ಟರು. ಉಳಿದ ಆರು ಜನರ ಒಪ್ಪಿಗೆ ಅವರವರಿಗೆ ಮಾತ್ರ, ಇವನ ಕತ್ತಿಗೆ ಬರುವುದಿಲ್ಲ. ವಕೀಲರಿದ್ದಾರಾ ಅಂತ ಕೇಳಿದರು. ಇಲ್ಲ ಅಂದ. ಕಾನೂನು ಸೇವಾ ಸಮಿತಿ ಮೂಲಕ ಆ ಕೇಸು ನನಗೆ ಬಂತು.

ವರಾಂಡದಲ್ಲಿ ಅವನ ಚಿಕ್ಕಪ್ಪ ನನ್ನ ಮೇಲೇ ರೇಗಿದರು. “ಮುನ್ನೂರಕ್ಕೆ ಮುಗಿಯೋದನ್ನ ಮೇಡಂ ಎಳೆದುಬಿಟ್ರಲ್ಲಾ ಸಾರ್.” ಎಳೆದದ್ದು ಹೌದು. ಹುಡುಗ ಕೂಲಿ ಬಿಟ್ಟು ವಾಯಿದೆಗೆ ಬರಬೇಕಾಯಿತು. ಕೊನೆಗೆ ಮಹಜರಿನ ಸಾಕ್ಷಿಗಳಿಬ್ಬರೂ ಬಂದು, ನಾವು ತೋಪಿಗೆ ಹೋಗೇ ಇಲ್ಲ, ಸ್ಟೇಷನ್ನಿನಲ್ಲಿ ಸಹಿ ಹಾಕಿದ್ವಿ ಅಂದರು. ಖುಲಾಸೆ. ಅರಣ್ಯ ರಕ್ಷಕನ ಕೆಲಸಕ್ಕೆ ಅರ್ಜಿ ಹಾಕಿದ್ದೇನೆ ಅಂತ ಅವನು ನನಗೆ ಹೇಳಿದ್ದೇ ಆಮೇಲೆ. ಸರ್ಕಾರಿ ಕೆಲಸದ ಪರಿಶೀಲನೆ ಫಾರಂನಲ್ಲಿ ‘ಯಾವುದಾದರೂ ಕೇಸಿನಲ್ಲಿ ಶಿಕ್ಷೆಯಾಗಿದೆಯೇ’ ಅಂತ ಒಂದು ಕಾಲಂ ಇರುತ್ತದಲ್ಲ, ಅದರ ಬಗ್ಗೆ ಅವನಿಗಾಗಲಿ ಚಿಕ್ಕಪ್ಪನಿಗಾಗಲಿ ಯೋಚನೆಯೇ ಬಂದಿರಲಿಲ್ಲ.

ಆ ಮ್ಯಾಜಿಸ್ಟ್ರೇಟರು ಮಾಡಿದ್ದು ಔದಾರ್ಯವಲ್ಲ, ಕಾನೂನು. ಆರೋಪಿ ಒಪ್ಪಿಕೊಂಡರೆ ಆದಷ್ಟೂ ಅವನು ಆಡಿದ ಮಾತುಗಳಲ್ಲೇ ಬರೆದುಕೊಳ್ಳಬೇಕು ಅಂತ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ಇದು ಬರೀ ಶಾಸ್ತ್ರಕ್ಕಲ್ಲ ಅಂತ ಮದರಾಸಿನಿಂದ ಬಂದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟು ಅರವತ್ತರ ದಶಕದಲ್ಲೇ ಹೇಳಿತು. ಕಾರಣವನ್ನೂ ಕೊಟ್ಟಿತು: ಒಪ್ಪಿಕೊಂಡವನಿಗೆ ಮೇಲ್ಮನವಿಯ ಹಕ್ಕು ಹೋಗುತ್ತದೆ, ಅದಕ್ಕೇ ಅವನು ಏನು ಹೇಳಿದ ಅನ್ನುವುದರಲ್ಲಿ ತಪ್ಪಾಗಬಾರದು.

ಇದನ್ನು ಇನ್ನೊಮ್ಮೆ ಹೇಳುತ್ತೇನೆ, ದಯವಿಟ್ಟು ಕೇಳಿಸಿಕೊಳ್ಳಿ. ಒಪ್ಪಿಕೊಂಡ ಮೇಲೆ ‘ನಾನು ಮಾಡಿಲ್ಲ’ ಅಂತ ಅಪೀಲಿಗೆ ಹೋಗಲಾಗುವುದಿಲ್ಲ. ಶಿಕ್ಷೆ ಜಾಸ್ತಿಯಾಯಿತು, ಕಾನೂನಿನ ಪ್ರಕಾರ ಇಲ್ಲ ಅಂತ ಮಾತ್ರ ಕೇಳಬಹುದು. ಊರಿಗೆ ಹೋಗಿ ನಾಲ್ಕು ಜನರ ಹತ್ತಿರ ಮಾತಾಡಿ ಜ್ಞಾನೋದಯವಾಗಿ ವಾಪಸ್ ಬಂದರೆ ನಾವು ವಕೀಲರು ಏನು ಮಾಡೋಣ ಹೇಳಿ?

ನ್ಯಾಯಾಧೀಶರ ಕೈಯಲ್ಲೂ ಒಂದು ಅಧಿಕಾರವಿದೆ. ನೀವು ಒಪ್ಪಿದಿರಿ ಅಂತ ಅವರು ಶಿಕ್ಷೆ ಕೊಡಲೇಬೇಕು ಅಂತಿಲ್ಲ. ಅನುಮಾನ ಬಂದರೆ ಒಪ್ಪಿಗೆಯನ್ನು ಪಕ್ಕಕ್ಕಿಟ್ಟು ವಿಚಾರಣೆ ಮಾಡಬಹುದು. ಕೊಲೆಯಂಥ ಕೇಸುಗಳಲ್ಲಿ ಸಾಮಾನ್ಯವಾಗಿ ಹಾಗೇ ಮಾಡುತ್ತಾರೆ. ನೀವು ಬಾಯಿ ಬಿಡದೆ ನಿಂತರೂ ಕೋರ್ಟು ಅದನ್ನು ಒಪ್ಪಿಗೆ ಅಂದುಕೊಳ್ಳುವುದಿಲ್ಲ, ವಿಚಾರಣೆಗೆ ದಿನ ಕೊಡುತ್ತದೆ. ಆದ್ದರಿಂದ ಅರ್ಥವಾಗದಿದ್ದರೆ “ಅರ್ಥ ಆಗ್ಲಿಲ್ಲ ಸ್ವಾಮಿ, ಇನ್ನೊಂದ್ಸಲ ಹೇಳಿ” ಅಂತ ಕೇಳಿ. ಅದರಲ್ಲಿ ಏನೂ ಅವಮಾನವಿಲ್ಲ. ಯಾವ ನ್ಯಾಯಾಧೀಶರೂ ಅದಕ್ಕೆ ಸಿಟ್ಟಾಗಿದ್ದನ್ನು ನಾನು ನೋಡಿಲ್ಲ.

‘ಒಪ್ಕೋ, ಕಮ್ಮಿ ಮಾಡಿಸ್ತೀನಿ’ ಅನ್ನುವವರ ಬಗ್ಗೆಯೂ ಒಂದು ಮಾತು. ನಿರ್ಲಕ್ಷ್ಯದಿಂದ ಸಾವಾದ ನಮ್ಮ ರಾಜ್ಯದ್ದೇ ಒಂದು ಕೇಸಿನಲ್ಲಿ ಆರೋಪಿ ಒಪ್ಪಿಕೊಂಡ, ಕಡಿಮೆ ಶಿಕ್ಷೆಯಾಯಿತು. ಮೇಲಿನ ಕೋರ್ಟಿನಲ್ಲಿ ಶಿಕ್ಷೆ ಏರಿತು. ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಕಡಿಮೆ ಮಾಡುತ್ತೇವೆ ಅಂತ ಆಸೆ ತೋರಿಸಿ ಒಪ್ಪಿಸಿ, ಆಮೇಲೆ ಏರಿಸುವುದು ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಗೆ ವಿರುದ್ಧ ಅಂದಿತು. ತೀರ್ಪು 1983ರ ವರದಿಗಳಲ್ಲಿದೆ. ಅಷ್ಟು ದೂರ ಹೋಗುವ ಶಕ್ತಿ ನಮ್ಮಲ್ಲಿ ಎಷ್ಟು ಜನಕ್ಕಿದೆ?

ನನಗೆ ಕೊಟ್ಟ ಸಮಯದಲ್ಲಿ ಅರ್ಧ ಹೊಸತೊಡಕಿಗೇ ಹೋಯಿತು. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ತಪ್ಪು ಒಪ್ಪಿಕೊಂಡು ಕಡಿಮೆ ಶಿಕ್ಷೆ ಕೇಳುವ ಕಾನೂನುಬದ್ಧವಾದ ಚೌಕಾಸಿ ಅಂತಲೇ ಒಂದಿದೆ, ಪ್ಲೀ ಬಾರ್ಗೇನಿಂಗ್. 2006ರ ಜುಲೈನಿಂದ ಜಾರಿಯಲ್ಲಿದೆ. ಏಳು ವರ್ಷಕ್ಕಿಂತ ಜಾಸ್ತಿ ಶಿಕ್ಷೆಯ ಅಪರಾಧಗಳಿಗೆ ಇಲ್ಲ, ಹೆಂಗಸರ ಮೇಲಿನ ಅಪರಾಧಗಳಿಗೂ ಇಲ್ಲ. ಅರ್ಜಿ ನೀವೇ ಬರೆದು ಕೊಡಬೇಕು, ಹೊಸ ಕಾನೂನಿನಲ್ಲಿ ಕೋರ್ಟು ಆಪಾದನೆ ನಿಗದಿ ಮಾಡಿದ (ಪೊಲೀಸರ ಚಾರ್ಜ್‌ಶೀಟ್ ಅಲ್ಲ) 30 ದಿನದೊಳಗೆ. ನ್ಯಾಯಾಧೀಶರು ಎದುರು ಪಕ್ಷದವರಿಲ್ಲದಾಗ ನಿಮ್ಮೊಬ್ಬರನ್ನೇ ಕೇಳುತ್ತಾರೆ, ಯಾರಾದರೂ ಒತ್ತಾಯ ಮಾಡಿದರಾ ಅಂತ. ನಿಜವಾಗಿ ತಪ್ಪು ಮಾಡಿದ್ದೀರಾ? ಒಪ್ಪಿಕೊಳ್ಳಿ, ಅದರಲ್ಲಿ ಮರ್ಯಾದೆ ಇದೆ. ಮೊದಲ ಸಲವಾದರೆ ಜೊತೆಗೇ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ ಅನುಕೂಲ ಕೇಳಿ. ಎಚ್ಚರಿಕೆ ಕೊಟ್ಟು ಬಿಡಲು, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿ ಬಿಡಲು ಅಲ್ಲಿ ದಾರಿಯಿದೆ. ಶಿಕ್ಷೆಯ ಕಪ್ಪುಚುಕ್ಕೆಯಿಂದ ಬರುವ ಅನರ್ಹತೆಯೂ ಅದರಲ್ಲಿ ತಪ್ಪುತ್ತದೆ. ಕೇಳದಿದ್ದರೆ ಯಾರೂ ನೆನಪಿಸುವುದಿಲ್ಲ.

ಫೀಸಿಗೆ ದುಡ್ಡಿಲ್ಲ ಅಂತ ಒಪ್ಪಿಕೊಳ್ಳುವವರೇ ಜಾಸ್ತಿ. ತಾಲ್ಲೂಕು ಕಾನೂನು ಸೇವಾ ಸಮಿತಿ ನಿಮ್ಮ ಕೋರ್ಟಿನ ಆವರಣದಲ್ಲೇ ಇರುತ್ತದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಜೈಲಿನಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತ. ಫೋನ್ ಮಾಡಬೇಕಾದ ನಂಬರ್ 15100. ಬರೆದುಕೊಳ್ಳಿ, ಒಂದು ಐದು ಒಂದು ಸೊನ್ನೆ ಸೊನ್ನೆ. ವಾಯಿದೆಯ ಹಿಂದಿನ ದಿನವೇ ಮಾಡಿ, ಹೆಸರು ಕೂಗಿದ ಮೇಲಲ್ಲ. ನಮಸ್ಕಾರ.